‘ಡಿಸ್ಮಲಿ’ ಎಂಬ ಶಬ್ದದ ವಿಚಾರ

ಇಂಗ್ಲಿಷ್ ಭಾಷೆಯಲ್ಲಿ ಮನಸ್ಸಿನ ಕತ್ತಲೆಯನ್ನು ಸೂಚಿಸುವ ಕ್ರಿಯಾವಿಶೇಷಣಗಳು ಒಂದೆರಡಲ್ಲ. ‘ಗ್ಲೂಮಿಲಿ’, ‘ಸಲನ್‌ಲಿ’, ‘ಮೋರ್ನ್‌ಫುಲಿ’, ‘ಡ್ರಿಯರಿಲಿ’, ‘ಡಿಸ್ಮಲಿ’ ಎಂದು ಎಣಿಸುತ್ತ ಹೋದರೆ ಪಟ್ಟಿ ಬೇಗ ಮುಗಿಯುವುದಿಲ್ಲ. ನಾವು ಕನ್ನಡಿಗರು ಇವುಗಳನ್ನು ಓದುವಾಗ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ಅರ್ಥವನ್ನು ಹಚ್ಚಿ ಮುಂದಕ್ಕೆ ಹೋಗುತ್ತೇವೆ: ‘ವಿಷಾದದಿಂದ’, ಇಲ್ಲವೆ ‘ಖಿನ್ನನಾಗಿ’. ಓದುವಾಗ ಇದರಿಂದ ದೊಡ್ಡ ಹಾನಿಯೇನೂ ಆಗದು. ಕಥೆ ತಿಳಿದೇ ತಿಳಿಯುತ್ತದೆ. ಆದರೆ ಬರೆಯಲು ಅಥವಾ ಭಾಷಾಂತರಿಸಲು ಕುಳಿತಾಗ ಕಷ್ಟ ಹೊರಬೀಳುತ್ತದೆ. ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ಮುನಿಸಿಕೊಂಡು ಕುಳಿತಿರುತ್ತಾನೆ, ಇನ್ನೊಬ್ಬ ಸತ್ತವರಿಗಾಗಿ ಅಳುತ್ತಿರುತ್ತಾನೆ, ಮತ್ತೊಬ್ಬ ಮಳೆಯಲ್ಲಿ ನೆನೆದು ಪೆಚ್ಚುಮೋರೆ ಹಾಕಿಕೊಂಡು ನಿಂತಿರುತ್ತಾನೆ. ಕನ್ನಡಕ್ಕೆ ಬರುವಾಗ ಈ ಮೂವರೂ ‘ವಿಷಾದದಿಂದ’ ಕೂಡಿದವರಾಗಿ ಒಂದೇ ಮುಖದವರಾಗಿಬಿಡುತ್ತಾರೆ. ಆದುದರಿಂದ ಈ ಗುಂಪಿನಲ್ಲಿ ಒಂದು ಶಬ್ದವನ್ನು ಆರಿಸಿಕೊಂಡು, ಅದು ಎಲ್ಲಿಂದ ಬಂತು, ಎಲ್ಲೆಲ್ಲಿ ಸಂಚರಿಸಿತು, ಅದನ್ನು ಎಲ್ಲಿ ಬಳಸಬೇಕು ಎಂಬುದನ್ನು ವಿಚಾರಿಸೋಣ. ಪ್ರಕೃತ ನಾವು ಆರಿಸಿಕೊಂಡಿರುವುದು ‘ಡಿಸ್ಮಲಿ’.

‘ಡಿಸ್ಮಲ್’ ಎಂಬುದು ಗುಣವಾಚಕ. ಅದಕ್ಕೆ ‘ಲಿ’ ಎಂಬ ಪ್ರತ್ಯಯ ಸೇರಿ ಕ್ರಿಯಾವಿಶೇಷಣವಾಗಿದೆ. ಉಚ್ಚಾರಣೆಯಲ್ಲಿ ಒತ್ತು ಮೊದಲನೆಯ ಅಕ್ಷರದ ಮೇಲೆ. ನಡುವಣ ಸಕಾರವನ್ನು ‘ರೋಸ್’ ಎಂಬ ಹೂವಿನ ಹೆಸರಿನ ಕೊನೆಯಲ್ಲಿ ಆಂಗ್ಲರು ನುಡಿಯುವಂತೆ ಸ್ವಲ್ಪ ಗುಂಯ್‌ಗುಡಿಸಿ ನುಡಿಯಬೇಕು. ಈಗ ಇದರ ಹುಟ್ಟನ್ನು ನೋಡೋಣ.

ದುಃಖವನ್ನು ಹೇಳುವ ಈ ಶಬ್ದ ಹುಟ್ಟಿದ್ದು ಮನಸ್ಸಿನಲ್ಲಲ್ಲ, ಪಂಚಾಂಗದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಡೀಯೆಸ್ ಮಾಲಿ’ ಎಂದರೆ ‘ಕೆಟ್ಟ ದಿನಗಳು’. ಅದೇ ಹಳೆಯ ಫ್ರೆಂಚಿನ ಮೂಲಕ ‘ಡಿಸ್ ಮಲ್’ ಆಗಿ ಇಂಗ್ಲೆಂಡನ್ನು ಸೇರಿತು. ಮಧ್ಯಯುಗದ ಯೂರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ ೨೪ ದಿನಗಳನ್ನು ಅಶುಭವೆಂದು ಗುರುತುಮಾಡುವ ವಾಡಿಕೆ ಇತ್ತು. ಜನವರಿಯಲ್ಲಿ ೧ ಮತ್ತು ೨೫, ಏಪ್ರಿಲಿನಲ್ಲಿ ೧೦ ಮತ್ತು ೨೦, ಆಗಸ್ಟಿನಲ್ಲಿ ೧ ಮತ್ತು ೩೦, ಡಿಸೆಂಬರಿನಲ್ಲಿ ೭ ಮತ್ತು ೨೨: ಹೀಗೆ ಆ ಪಟ್ಟಿ ಸಾಗುತ್ತದೆ. ಇವುಗಳಿಗೆ ‘ಈಜಿಪ್ಟಿನ ದಿನಗಳು’ ಎಂಬ ಹೆಸರೂ ಉಂಟು. ಪ್ರಾಚೀನ ಈಜಿಪ್ಟಿನ ಜ್ಯೋತಿಷಿಗಳು ಇವನ್ನು ಗೊತ್ತುಮಾಡಿದರೆಂದು ಜನ ನಂಬಿದ್ದರು. ಅಂಥ ದಿನ ಹೊಸ ಕೆಲಸಕ್ಕೆ ಕೈಹಾಕಬಾರದು. ವೈದ್ಯನು ರೋಗಿಯ ರಕ್ತವನ್ನು ತೆಗೆಯಬಾರದು. ರಾಹುಕಾಲ, ಗುಳಿಕಕಾಲ, ಯಮಗಂಡಕಾಲಗಳನ್ನು ಬಲ್ಲ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಭದ್ರಾಕರಣವನ್ನೂ ವ್ಯತೀಪಾತವನ್ನೂ ಕಳೆದು ಪ್ರಯಾಣಕ್ಕೆ ಹೊರಡುತ್ತಿದ್ದ ನಮ್ಮ ಹಿರಿಯರಿಗೆ, ಮಧ್ಯಯುಗದ ಆಂಗ್ಲನು ಬೇಗನೆ ನೆಂಟನಾಗುತ್ತಿದ್ದನೆಂದು ತೋರುತ್ತದೆ.

ಇಂಗ್ಲಿಷಿನಲ್ಲಿ ಈ ಶಬ್ದ ಮೊದಮೊದಲು ನಾಮಪದವಾಗಿಯೇ ಇತ್ತು. ೧೩೬೮ರಲ್ಲಿ ತೀರಿಕೊಂಡ ಬ್ಲಾಂಚ್ ಎಂಬ ರಾಜಕುಟುಂಬದ ಹೆಂಗಸಿನ ನೆನಪಿಗಾಗಿ ಚಾಸರ್ ಕವಿ ಬರೆದ ‘ದಿ ಬುಕ್ ಆಫ್ ದಿ ಡಚೆಸ್’ ಎಂಬ ಕಾವ್ಯದಲ್ಲಿ ಕಪ್ಪುಡುಗೆ ಉಟ್ಟ ಒಬ್ಬ ಸರದಾರನಿದ್ದಾನೆ. ತಾನು ತನ್ನ ನಲ್ಲೆಯ ಮುಂದೆ ಮೊದಲ ಸಲ ಮನಸ್ಸನ್ನು ಬಿಚ್ಚಿದ ಹೊತ್ತನ್ನು ಹೇಳುವಾಗ ಅವನು ಈ ಶಬ್ದವನ್ನು ಬಳಸಿ, ಬೈಬಲಿನಲ್ಲಿ ಈಜಿಪ್ಟಿಗೆ ಒದಗಿದ ಹತ್ತು ಪೀಡೆಗಳೊಡನೆ ಅದನ್ನು ಜೋಡಿಸುತ್ತಾನೆ. ಫ್ರೆಂಚಿನಲ್ಲಿ ‘ಡಿಸ್’ ಎಂಬ ಧ್ವನಿಗೆ ‘ಹತ್ತು’ ಎಂಬ ಅರ್ಥವೂ ಇರುವುದರಿಂದ, ‘ಹತ್ತು ಕೇಡುಗಳು’ ಎಂಬ ಅರ್ಥ ಕವಿಯ ಮನಸ್ಸಿನಲ್ಲಿ ಇದ್ದಿರಬೇಕೆಂದು ಪಂಡಿತರು ಊಹಿಸಿದ್ದಾರೆ. ಅಂತೂ ಹದಿನಾಲ್ಕನೆಯ ಶತಮಾನದಲ್ಲಿಯೇ ಮೂಲಾರ್ಥ ಮಸಕಾಗತೊಡಗಿತ್ತು. ಸ್ವಲ್ಪ ಕಾಲದ ಮೇಲೆ ‘ಡಿಸ್’ ಎಂದರೆ ದಿನಗಳೆಂಬುದು ಪೂರ್ತಿಯಾಗಿ ಮರೆತುಹೋಗಿ, ಜನ ‘ಡಿಸ್ಮಲ್ ಡೇಸ್’ ಎನ್ನತೊಡಗಿದರು. ನಾವು ‘ನಡು’ ಎಂಬುದೂ ‘ಮಧ್ಯ’ ಎಂಬುದೂ ಒಂದೇ ಎಂಬುದನ್ನು ಮರೆತು ‘ನಡುಮಧ್ಯ’ ಎನ್ನುವುದಿಲ್ಲವೆ, ಹಾಗೆ. ಒಮ್ಮೆ ಗುಣವಾಚಕವಾದ ಮೇಲೆ ಅದು ದಿನವನ್ನು ಬಿಟ್ಟು ಬೇರೆ ವಸ್ತುಗಳಿಗೂ ಹತ್ತಿಕೊಂಡಿತು. ಅಶುಭವಾದದ್ದು ಭಯಂಕರವಾಯಿತು, ಭಯಂಕರವಾದದ್ದು ಕ್ರಮೇಣ ಕತ್ತಲೆಗವಿದದ್ದಾಯಿತು, ಉತ್ಸಾಹವನ್ನು ಕೊಲ್ಲುವುದಾಯಿತು. ಹದಿನೇಳನೆಯ ಶತಮಾನದ ಹೊತ್ತಿಗೆ ಇಂದಿನ ಅರ್ಥ ನೆಲೆನಿಂತಿತ್ತು.

ಈ ಸಂದರ್ಭದಲ್ಲಿ ಸಂಸ್ಕೃತದ ಒಂದು ಶಬ್ದ ನೆನಪಿಗೆ ಬರುತ್ತದೆ. ‘ದುರ್ದಿನ’ ಎಂಬುದರ ಅಕ್ಷರಾರ್ಥ ‘ಕೆಟ್ಟ ದಿನ’. ಆದರೆ ಅಮರಕೋಶವನ್ನು ನೋಡಿದರೆ ಅದಕ್ಕೆ ಮೋಡ ಕವಿದ ಹಗಲೆಂಬ ಅರ್ಥ ಹೇಳಿದೆ. ಒಂದಕ್ಕೊಂದು ಸಂಬಂಧವಿಲ್ಲದೆ ಎರಡು ದೇಶಗಳಲ್ಲಿ ‘ಕೆಟ್ಟ ದಿನ’ವೂ ‘ಕವಿದ ಕತ್ತಲೆ’ಯೂ ಒಂದೇ ಶಬ್ದದಲ್ಲಿ ಕೂಡಿಕೊಂಡವು. ಮನುಷ್ಯನ ಮನಸ್ಸು ಎಲ್ಲಿಯೂ ಒಂದೇ ಎನ್ನೋಣವೆ? ಅಷ್ಟು ಬೇಗ ಹೇಳುವಂತಿಲ್ಲ. ಲಂಡನ್ ನಗರದಲ್ಲಿ ಡಿಸೆಂಬರ್ ತಿಂಗಳ ಕಿರಿಯ ಹಗಲು ೮ ಗಂಟೆಯೂ ತುಂಬುವುದಿಲ್ಲ. ಆ ಅಲ್ಪಸ್ವಲ್ಪ ಬೆಳಕನ್ನೂ ಮೋಡ ಮುಚ್ಚಿದರೆ ಅಲ್ಲಿಯವನಿಗೆ ಜೀವವೇ ಸಪ್ಪಗಾಗುವುದು ಸಹಜ. ಮೈಸೂರಿನಲ್ಲಿ ವರ್ಷದ ಅತಿ ಕಿರಿಯ ಹಗಲು ಕೂಡ ೧೧ ಗಂಟೆಯನ್ನು ಮೀರುತ್ತದೆ. ಇಲ್ಲಿ ಬೇಸಗೆಯೆಲ್ಲ ಬೆಂದ ರೈತ ಆಕಾಶವನ್ನು ನೋಡಿ, ಕಾರ್ಮೋಡ ಎದ್ದರೆ ‘ಬಂತು ಮಳೆ’ ಎಂದು ಎತ್ತುಗಳನ್ನು ಹೊರಡಿಸುತ್ತಾನೆ. ಅವನಿಗೆ ಅದು ದುರ್ದಿನವಲ್ಲ, ಸುದಿನ. ಅದೇ ಮೋಡ ಕಾಳಿದಾಸನ ‘ಮೇಘದೂತ’ದಲ್ಲಿ ಮಡದಿಯನ್ನು ಅಗಲಿದ ಯಕ್ಷನಿಗೆ ವ್ಯಥೆಯನ್ನು ತರುತ್ತದೆ. ಮೋಡ ಒಂದೇ, ನೋಡುವ ಕಣ್ಣು ಬೇರೆ.

‘ಡಿಸ್ಮಲ್’ ಎಂಬ ಶಬ್ದದ ಗುಟ್ಟು ಇರುವುದು ಇಲ್ಲಿಯೇ. ಅದು ಹುಟ್ಟಿನಿಂದಲೇ ಹೊರಗಿನವರು ಕೊಟ್ಟ ತೀರ್ಪು. ದಿನ ತಾನಾಗಿ ಕೆಟ್ಟದ್ದಲ್ಲ. ಪಂಚಾಂಗ ಬರೆದವನು ಅದನ್ನು ಕೆಟ್ಟದ್ದೆಂದ. ‘ಗ್ಲೂಮಿಲಿ’ ಎಂದಾಗ ನಾವು ಒಬ್ಬನ ಒಳಗನ್ನು ಕುರಿತು ಮಾತನಾಡುತ್ತೇವೆ, ಅವನ ಮನಸ್ಸಿನಲ್ಲಿ ಕತ್ತಲೆ ಇದೆ ಎನ್ನುತ್ತೇವೆ. ‘ಡಿಸ್ಮಲಿ’ ಎಂದಾಗ ಮುಖ್ಯವಾಗಿ ನೋಡುವವನಿಗೆ, ಕೇಳುವವನಿಗೆ ಅದು ಹೇಗೆ ತೋರಿತೆಂಬುದನ್ನು ಹೇಳುತ್ತೇವೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಶಬ್ದದ ಚರಿತ್ರೆಯಲ್ಲಿ ಪ್ರಸಿದ್ಧವಾದ ಎರಡು ಪ್ರಯೋಗಗಳನ್ನು ಪರೀಕ್ಷಿಸೋಣ. ಹೊರಗಿನವರ ತೀರ್ಪು ಎಷ್ಟರ ಮಟ್ಟಿಗೆ ನಿಜ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲನೆಯದು ಒಂದು ಸ್ಥಳದ ಹೆಸರು. ಅಮೆರಿಕದ ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲೈನಾ ಪ್ರಾಂತಗಳ ಗಡಿಯಲ್ಲಿ ‘ಗ್ರೇಟ್ ಡಿಸ್ಮಲ್ ಸ್ವಾಂಪ್’ ಎಂಬ ವಿಸ್ತಾರವಾದ ಜೌಗುಕಾಡು ಇದೆ. ೧೭೨೮ರಲ್ಲಿ ವಿಲಿಯಂ ಬರ್ಡ್ ಎಂಬಾತ ಎರಡು ಪ್ರಾಂತಗಳ ಎಲ್ಲೆಯನ್ನು ಗುರುತಿಸಲು ಹೊರಟಾಗ ಅವನ ಜೊತೆಯವರು ಆ ಕೆಸರಿನಲ್ಲಿ ಬಹಳ ಪಾಡುಪಟ್ಟರು. ಆತ ಆ ಸ್ಥಳದ ವಿಷಯದಲ್ಲಿ ಒಳ್ಳೆಯ ಮಾತನ್ನು ಆಡಲಿಲ್ಲ. ಭೂಮಾಲಿಕರ ಕಣ್ಣಿಗೆ ಅದು ಉಳಲು ಬಾರದ, ಒಣಗಿಸಿದರೆ ಮಾತ್ರ ಬೆಲೆಬಾಳುವ ಹಾಳುನೆಲ. ಜಾರ್ಜ್ ವಾಷಿಂಗ್ಟನ್ ಕೂಡ ೧೭೬೩ರಲ್ಲಿ ಅಲ್ಲಿಗೆ ಹೋಗಿ ನೋಡಿ, ನೀರನ್ನು ಬಸಿದು ಭೂಮಿ ಮಾಡುವ ಒಂದು ಮಂಡಲಿಯಲ್ಲಿ ಸೇರಿದನು. ಆದರೆ ಅದೇ ಕಾಲದಲ್ಲಿ ಆ ಕಾಡಿನ ಒಳಗೆ, ನೀರಿನಿಂದ ತುಸು ಎದ್ದ ದಿಬ್ಬಗಳ ಮೇಲೆ, ಜೀತದ ತೋಟಗಳಿಂದ ತಪ್ಪಿಸಿಕೊಂಡು ಬಂದ ನೀಗ್ರೋ ಗುಲಾಮರು ಗುಡಿಸಲು ಹಾಕಿಕೊಂಡು ಬಾಳುತ್ತಿದ್ದರು. ತಲೆಮಾರುಗಳ ಕಾಲ, ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದವರೆಗೂ ಅದು ಅವರಿಗೆ ಆಶ್ರಯವಾಗಿತ್ತು. ಬೇಟೆನಾಯಿಗಳು ಹಿಂಬಾಲಿಸಲಾರದ ಆ ಕೆಸರೇ ಅವರ ಕೋಟೆ. ಧಣಿಯ ನಕ್ಷೆಯಲ್ಲಿ ‘ಡಿಸ್ಮಲ್’ ಎಂದು ಬರೆದಿದ್ದ ನೆಲದಲ್ಲಿ ಆಳು ಮೊದಲ ಸಲ ಹೆದರಿಕೆಯಿಲ್ಲದೆ ನಿದ್ರೆಮಾಡಿರಬೇಕು. ಆ ಕಾಡಿನ ಬಹುಭಾಗ ೧೯೭೪ರಿಂದ ವನ್ಯಜೀವಿಗಳ ರಕ್ಷಿತಧಾಮವಾಗಿದೆ. ಹೆಸರು ಮಾತ್ರ ಹಿಂದಿನದೇ.

ಎರಡನೆಯದು ಒಂದು ಶಾಸ್ತ್ರಕ್ಕೆ ಬಿದ್ದ ಅಡ್ಡಹೆಸರು. ಅರ್ಥಶಾಸ್ತ್ರವನ್ನು ‘ಡಿಸ್ಮಲ್ ಸೈನ್ಸ್’ ಎಂದು ಹಾಸ್ಯಮಾಡುವುದನ್ನು ಕಾಲೇಜುಗಳಲ್ಲಿ ಓದಿದವರೆಲ್ಲ ಕೇಳಿದ್ದಾರೆ. ಜನಸಂಖ್ಯೆ ಬೆಳೆದಂತೆ ಅನ್ನ ಸಾಲದಾಗುವುದೆಂದು ೧೭೯೮ರಲ್ಲಿ ಸಾರಿದ ಮಾಲ್ಥಸನಿಂದಾಗಿ ಈ ಹೆಸರು ಬಂತೆಂದು ಬಹಳ ಜನರ ನಂಬಿಕೆ. ಆ ಪದಜೋಡಿ ನಿಜವಾಗಿ ಕಾಣಿಸಿಕೊಂಡದ್ದು ಬೇರೆ ಸಂದರ್ಭದಲ್ಲಿ. ಥಾಮಸ್ ಕಾರ್ಲೈಲನು ೧೮೪೯ರ ಡಿಸೆಂಬರಿನಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ನೀಗ್ರೋ ಜನರನ್ನು ಕುರಿತು ಒಂದು ಲೇಖನ ಬರೆದನು. ಬಿಡುಗಡೆಯಾದ ಆ ಜನ ಕಬ್ಬಿನ ತೋಟಗಳಲ್ಲಿ ಸಾಕಷ್ಟು ದುಡಿಯುತ್ತಿಲ್ಲ, ಅವರನ್ನು ಬಲಾತ್ಕಾರದಿಂದ ದುಡಿಸಬೇಕು ಎಂಬುದು ಅವನ ವಾದ. ಮನುಷ್ಯರನ್ನು ಅವರ ಪಾಡಿಗೆ ಬಿಡಬೇಕು, ಕೂಲಿ ಬೇಡಿಕೆ ಪೂರೈಕೆಗಳಿಂದ ಗೊತ್ತಾಗಲಿ ಎನ್ನುತ್ತಿದ್ದ ಅರ್ಥಶಾಸ್ತ್ರಜ್ಞರು ಇದಕ್ಕೆ ಅಡ್ಡಿಯಾಗಿದ್ದರು. ಕವಿತೆಗೆ ‘ಉಲ್ಲಾಸದ ವಿದ್ಯೆ’ ಎಂಬ ಹಳೆಯ ಹೆಸರೊಂದು ಯೂರೋಪಿನಲ್ಲಿ ಇತ್ತು. ಅದನ್ನು ತಿರುಗಿಸಿ, ಇವರ ವಿದ್ಯೆ ಉಲ್ಲಾಸದ್ದಲ್ಲ, ‘ಡಿಸ್ಮಲ್’ ವಿದ್ಯೆ ಎಂದು ಕಾರ್ಲೈಲನು ಚುಚ್ಚಿದನು. ಮುಂದಿನ ತಿಂಗಳೇ, ೧೮೫೦ರ ಜನವರಿಯಲ್ಲಿ, ಅದೇ ಪತ್ರಿಕೆಯಲ್ಲಿ ಜಾನ್ ಸ್ಟುಅರ್ಟ್ ಮಿಲ್ ಅದಕ್ಕೆ ಖಂಡನೆ ಬರೆದನು. ಆದರೆ ಖಂಡನೆಗಿಂತ ಅಡ್ಡಹೆಸರಿಗೆ ಆಯುಸ್ಸು ಹೆಚ್ಚು. ಇಂದು ಆ ಪದವನ್ನು ನಗುತ್ತ ಆಡುವವರಲ್ಲಿ ಅದು ಜೀತದ ಪರವಾಗಿ ಎಸೆದ ಕಲ್ಲೆಂಬುದನ್ನು ಬಲ್ಲವರು ವಿರಳ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬ್ರಿಟಿಷ್ ಪಾರ್ಲಿಮೆಂಟು ೧೮೩೩ರಲ್ಲಿ ಮಾಡಿದ ಶಾಸನದಂತೆ ಆ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾದದ್ದು ೧೮೩೪ರ ಆಗಸ್ಟ್ ೧ರಂದು. ಅನಂತರವೂ ‘ಉಮೇದುವಾರಿ’ಯ ನೆಪದಲ್ಲಿ ಅವರನ್ನು ಕೂಲಿಯಿಲ್ಲದೆ ದುಡಿಸಿಕೊಳ್ಳುವ ಒಂದು ಏರ್ಪಾಡು ಉಳಿದಿತ್ತು, ಅದೂ ಮುಗಿದು ನಿಜವಾದ ಬಿಡುಗಡೆ ದೊರೆತದ್ದು ೧೮೩೮ರ ಆಗಸ್ಟ್ ೧ರಂದು. ಹಿಂದೆ ನಾವು ಹೇಳಿದ ೨೪ ಅಶುಭದಿನಗಳ ಪಟ್ಟಿಯಲ್ಲಿ ಆಗಸ್ಟ್ ೧ ಸೇರಿದೆಯೆಂಬುದನ್ನು ಶ್ರೋತೃಗಳು ನೆನೆಸಿಕೊಳ್ಳಬಹುದು. ಪಂಚಾಂಗ ‘ಡಿಸ್ಮಲ್’ ಎಂದು ಕಪ್ಪು ಗುರುತು ಹಾಕಿದ್ದ ದಿನವೇ ಬ್ರಿಟಿಷ್ ವಸಾಹತುಗಳ ಸುಮಾರು ೮ ಲಕ್ಷ ಗುಲಾಮರಿಗೆ ಹಬ್ಬದ ದಿನವಾಯಿತು. ಯಾವುದನ್ನಾದರೂ ಈ ಶಬ್ದದಿಂದ ಕರೆದಿರುವುದನ್ನು ಕಂಡರೆ, ‘ಯಾರ ಕಣ್ಣಿಗೆ?’ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು.

ಇನ್ನು ಇಂದಿನ ಬಳಕೆಗೆ ಬರೋಣ. ‘ಡಿಸ್ಮಲಿ’ ಎಂಬುದಕ್ಕೆ ಮುಖ್ಯವಾಗಿ ಮೂರು ಪ್ರಯೋಗಗಳಿವೆ.

ಒಂದು, ಧ್ವನಿ ಮತ್ತು ದೃಶ್ಯಗಳ ವಿಷಯ. ಗಾಳಿ ‘ಡಿಸ್ಮಲಿ’ ಊಳಿಡುತ್ತದೆ. ಒದ್ದೆ ಬಾವುಟ ಕಂಬದಿಂದ ‘ಡಿಸ್ಮಲಿ’ ಜೋತುಬಿದ್ದಿರುತ್ತದೆ. ಗಾಳಿಗಾಗಲಿ ಬಾವುಟಕ್ಕಾಗಲಿ ಮನಸ್ಸಿಲ್ಲ. ಉತ್ಸಾಹ ಕುಂದುವುದು ಕೇಳುವ, ನೋಡುವ ನಮ್ಮಲ್ಲಿ. ಇದು ಶಬ್ದದ ಸ್ವಭಾವಕ್ಕೆ ತೀರ ಹೊಂದಿದ ಪ್ರಯೋಗ.

ಎರಡು, ಮನುಷ್ಯರ ನಡೆನುಡಿಯ ವಿಷಯ. ಒಬ್ಬನು ತಲೆಯನ್ನು ‘ಡಿಸ್ಮಲಿ’ ಅಲ್ಲಾಡಿಸಿದನು ಎಂದರೆ ಅವನಿಗೆ ದುಃಖವಾಗಿರಬಹುದು; ಆದರೆ ಬರೆದವನು ಅವನ ದುಃಖದೊಳಕ್ಕೆ ಇಳಿದಿಲ್ಲ, ದೂರದಲ್ಲಿ ನಿಂತು ನೋಡುತ್ತಿದ್ದಾನೆ. ಆದ್ದರಿಂದಲೇ ಈ ಪ್ರಯೋಗದಲ್ಲಿ ಎಷ್ಟೋ ಸಲ ತುಸು ನಗೆ ಬೆರೆತಿರುತ್ತದೆ. ಮಗನನ್ನು ಕಳೆದುಕೊಂಡ ತಾಯಿ ‘ಡಿಸ್ಮಲಿ’ ಅತ್ತಳೆಂದು ಮರ್ಯಾದೆಯುಳ್ಳ ಲೇಖಕ ಇಂದು ಬರೆಯಲಾರ. ಅಲ್ಲಿಗೆ ‘ಮೋರ್ನ್‌ಫುಲಿ’ಯಂಥ ಗೌರವದ ಶಬ್ದ ಬೇಕು. ಹಬ್ಬದ ದಿನ ಹೊಟ್ಟೆ ಕೆಟ್ಟು ಪಾಯಸದ ತಟ್ಟೆಯನ್ನು ದೂರದಿಂದ ನೋಡುತ್ತ ಕುಳಿತವನಿಗಾದರೋ ‘ಡಿಸ್ಮಲಿ’ ಚೆನ್ನಾಗಿ ಒಪ್ಪುತ್ತದೆ.

ಮೂರು, ಸೋಲಿನ ವಿಷಯ. ‘ಫೇಲ್ಡ್ ಡಿಸ್ಮಲಿ’ ಎಂಬುದು ಪತ್ರಿಕೆಗಳಲ್ಲಿ ಅತಿ ಬಳಕೆಯಾದ ಜೋಡಿ. ಇಲ್ಲಿ ದುಃಖದ ಅರ್ಥ ಹೆಚ್ಚುಕಡಮೆ ಅಳಿಸಿಹೋಗಿ ಕೇವಲ ಪ್ರಮಾಣದ ಅರ್ಥ ಉಳಿದಿದೆ: ಸಂಪೂರ್ಣವಾಗಿ, ನೋಡುವವರಿಗೆ ನಾಚಿಕೆಯಾಗುವಷ್ಟು ಸೋತರು ಎಂದರ್ಥ. ಸೋತವನು ನಗುತ್ತ ಮನೆಗೆ ಹೋಗಿದ್ದರೂ ಈ ಮಾತು ಸಲ್ಲುತ್ತದೆ. ಹಾಗೆಯೇ ಕೂಲಿ, ವಿದ್ಯೆ, ಬೆಳಕು ಮುಂತಾದುವು ಇರಬೇಕಾದುದಕ್ಕಿಂತ ತೀರ ಕಡಮೆಯಾಗಿದ್ದರೆ ‘ಡಿಸ್ಮಲಿ’ ಕಡಮೆ ಎನ್ನುತ್ತಾರೆ. ಆದರೆ ಗೆಲುವಿನೊಡನೆ, ಏಳಿಗೆಯೊಡನೆ ಇದು ಎಂದೂ ಸೇರದು. ‘ಟೆರಿಬ್ಲಿ’ ಎಂಬುದು ಭಯವನ್ನು ಬಿಟ್ಟು ಸಂತೋಷಕ್ಕೂ ಒದಗುವಂತಾಯಿತು. ‘ಡಿಸ್ಮಲಿ’ ಇಷ್ಟು ಅಲೆದರೂ ತನ್ನ ಹುಟ್ಟಿನ ಕಪ್ಪನ್ನು ಕಳೆದುಕೊಂಡಿಲ್ಲ.

ನೆರೆಯ ಶಬ್ದಗಳಿಗೂ ಇದಕ್ಕೂ ಇರುವ ಭೇದವನ್ನು ಎರಡು ಮಾತಿನಲ್ಲಿ ಹೇಳಬಹುದು. ‘ಗ್ಲೂಮ್’ ಎಂಬುದು ಮೊದಲು ಹುಬ್ಬುಗಂಟಿಕ್ಕಿ ನೋಡುವುದೆಂಬ ಅರ್ಥದ ಕ್ರಿಯಾಪದ. ಕತ್ತಲೆ ಎಂಬ ಅರ್ಥ ಅದಕ್ಕೆ ಅನಂತರ ಬಂತು. ಮನುಷ್ಯನ ಮುಖದಿಂದ ಆಕಾಶಕ್ಕೆ ಹೋದ ಶಬ್ದ ಅದು. ‘ಸಲನ್’ ಲ್ಯಾಟಿನ್ನಿನಲ್ಲಿ ಒಂಟಿ ಎಂಬ ಅರ್ಥದ ಶಬ್ದದಿಂದ ಬಂದದ್ದು. ಮಾತುಬಿಟ್ಟು ಒಳಗೇ ಕೋಪವನ್ನು ಬೇಯಿಸಿಕೊಳ್ಳುವವನ ರೀತಿ ಅದು. ‘ಡ್ರಿಯರಿ’ ಎಂಬುದು ಪ್ರಾಚೀನ ಇಂಗ್ಲಿಷಿನಲ್ಲಿ ರಕ್ತಸಿಕ್ತ ಎಂಬ ಅರ್ಥದಲ್ಲಿದ್ದು, ಇಂದು ಮುಗಿಯದ ಬೇಸರವನ್ನು ಸೂಚಿಸುವಷ್ಟು ತಣ್ಣಗಾಗಿದೆ. ಇವುಗಳಲ್ಲಿ ಒಂದೊಂದೂ ಒಂದೊಂದು ದಾರಿಯಲ್ಲಿ ನಡೆದು ಬಂದು ಈಗ ಒಂದೇ ಛತ್ರದಲ್ಲಿ ಇಳಿದಿವೆ. ಛತ್ರ ಒಂದೇ ಎಂದಮಾತ್ರಕ್ಕೆ ಇಳಿದವರೆಲ್ಲ ಒಂದೇ ಮನೆಯವರಲ್ಲ.

ಕೊನೆಯದಾಗಿ ಕನ್ನಡದ ಮಾತು. ‘ಡಿಸ್ಮಲಿ’ ಎಂಬುದನ್ನು ‘ವಿಷಾದದಿಂದ’ ಎಂದು ಅನುವಾದಿಸುವುದು ಏಕೆ ಸಲ್ಲದು? ವಿಷಾದವೆಂಬುದು ಗಂಭೀರವಾದ ಭಾವ. ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ‘ಅರ್ಜುನವಿಷಾದಯೋಗ’ವೆಂದು ಹೆಸರು, ಬಿಲ್ಲನ್ನು ಕೆಳಗಿಟ್ಟು ರಥದಲ್ಲಿ ಕುಸಿದು ಕುಳಿತ ವೀರನ ಸ್ಥಿತಿ ಅದು. ಅದು ಒಳಗಿನ ವೇದನೆ, ತೀರ್ಪಲ್ಲ. ಆ ಶಬ್ದವನ್ನು ಒದ್ದೆ ಬಾವುಟಕ್ಕೂ ಪಾಯಸ ತಪ್ಪಿದವನಿಗೂ ಹಚ್ಚಿದರೆ ವಿಷಾದಕ್ಕೂ ಅಪಚಾರ, ಬಾವುಟಕ್ಕೂ ಅನ್ಯಾಯ.

ಹಾಗಾದರೆ ನಮ್ಮಲ್ಲಿ ಸರಿಯಾದ ಶಬ್ದವಿಲ್ಲವೆ? ಒಂದೇ ಶಬ್ದ ಇಲ್ಲ. ಆದರೆ ಬೇಕಾದಷ್ಟು ನುಡಿಗಟ್ಟುಗಳಿವೆ. ಅವು ನಿಘಂಟಿಗಿಂತ ಹೆಚ್ಚಾಗಿ ಮನೆಯ ಮಾತಿನಲ್ಲಿವೆ. ಮಕ್ಕಳೆಲ್ಲ ಊರಿಗೆ ಹೋದ ಮೇಲೆ ಮನೆ ‘ಬಿಕೋ’ ಎನ್ನುತ್ತದೆ, ‘ಭಣಭಣ’ ಎನ್ನುತ್ತದೆ. ದೀಪವಿಲ್ಲದ ಮುರುಕು ಛತ್ರದಲ್ಲಿ ‘ಹಾಳು ಸುರಿಯುತ್ತದೆ’. ಪರೀಕ್ಷೆ ಕೆಟ್ಟ ಹುಡುಗ ‘ಮೋರೆ ಜೋಲುಹಾಕಿಕೊಂಡು’ ಬರುತ್ತಾನೆ; ಅವನ ತಂಗಿ ಅವನನ್ನು ನೋಡಿ ‘ಸಪ್ಪಗೆ’ ಕೂರುತ್ತಾಳೆ. ಬಹಳ ಆಸೆಯಿಂದ ಆಡಿಸಿದ ನಾಟಕ ‘ನೆಲಕಚ್ಚುತ್ತದೆ’. ಇವುಗಳಲ್ಲಿ ಬಹುಪಾಲು ಮಾತುಗಳು, ಇಂಗ್ಲಿಷಿನ ಶಬ್ದದಂತೆಯೇ, ಹೊರಗಿನಿಂದ ನೋಡಿದವರ ಮಾತುಗಳು ಎಂಬುದನ್ನು ಗಮನಿಸಬೇಕು. ‘ಹಾಳು ಸುರಿಯುತ್ತಿದೆ’ ಎಂದು ಛತ್ರ ಹೇಳಿಕೊಳ್ಳುವುದಿಲ್ಲ, ದಾರಿಹೋಕ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣಕ್ಕೆ ವಹಿಸಿದ ಕೆಲಸವನ್ನು ಕನ್ನಡ ಹೆಚ್ಚಾಗಿ ಕ್ರಿಯಾಪದಕ್ಕೆ, ಅನುಕರಣಶಬ್ದಕ್ಕೆ ವಹಿಸುತ್ತದೆ. ಅಲ್ಲಿ ಗಾಳಿ ದುಃಖಕರವಾಗಿ ಕೂಗಿದರೆ ಇಲ್ಲಿ ಗಾಳಿ ಗೋಳಿಡುತ್ತದೆ. ಇದನ್ನು ತಿಳಿಯದೆ ಪ್ರತಿಯೊಂದು ‘ಲಿ’ ಪ್ರತ್ಯಯಕ್ಕೂ ಒಂದೊಂದು ‘ಆಗಿ’ಯನ್ನು ಕಟ್ಟುತ್ತ ಹೋದರೆ ವಾಕ್ಯ ಕನ್ನಡವಾಗದು.

ಆದುದರಿಂದ ಭಾಷಾಂತರಿಸುವವರು ಈ ಶಬ್ದ ಎದುರಾದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಸಾಕೆಂದು ನಮ್ಮ ಅಭಿಪ್ರಾಯ. ಇಲ್ಲಿ ದುಃಖಪಡುತ್ತಿರುವವರು ಯಾರು? ಅದು ದುಃಖವೆ, ಅಥವಾ ಕೇವಲ ಸೋಲಿನ ಅಳತೆಯೆ? ಹಾಗೆಂದು ತೀರ್ಪು ಕೊಡುತ್ತಿರುವವರು ಎಲ್ಲಿ ನಿಂತಿದ್ದಾರೆ? ಮೊದಲನೆಯ ಎರಡಕ್ಕೆ ಉತ್ತರ ದೊರೆತರೆ ತಕ್ಕ ಕನ್ನಡ ಮಾತು ತಾನಾಗಿ ನಾಲಗೆಗೆ ಬರುತ್ತದೆ. ಮೂರನೆಯದು ಭಾಷಾಂತರಕಾರನಿಗೆ ಮಾತ್ರವಲ್ಲ, ಪತ್ರಿಕೆ ಓದುವವರಿಗೂ ಬೇಕಾದ ಪ್ರಶ್ನೆ. ಒಂದು ಊರನ್ನು, ಒಂದು ಜನಾಂಗವನ್ನು, ಒಂದು ಕಾಲವನ್ನು ಯಾರಾದರೂ ಕತ್ತಲೆಯದೆಂದು ಕರೆದಾಗ, ಅಲ್ಲಿ ಬಾಳುವವರನ್ನೂ ಒಂದು ಮಾತು ಕೇಳಿ ನೋಡುವುದು ನ್ಯಾಯ.